ಸೋಮನಾಥದಿಂದ ದೀವ್: ಒಂದು ದಿನ ಸಾಕೇ?

ಪ್ರಶ್ನೆ: ಸೋಮನಾಥಕ್ಕೆ ಹೊರಟಿದ್ದೇವೆ. ಅಲ್ಲಿಂದ ಬೆಳಿಗ್ಗೆ ದೀವ್‌ಗೆ ಹೋಗಿ ಸಂಜೆ ಮರಳಬಹುದೇ? ಗೋವಾ ನೋಡಿದವರಿಗೆ ಅಲ್ಲಿ ಹೊಸದೇನಿದೆ?

ಮರಳಬಹುದು. ದೀವ್ ಗುಜರಾತಿನ ಕರಾವಳಿಯ ಪುಟ್ಟ ದ್ವೀಪ, ಹಿಂದೆ ಗೋವಾದಂತೆ ಪೋರ್ಚುಗೀಸರದು, ಈಗ ಕೇಂದ್ರಾಡಳಿತಕ್ಕೆ ಸೇರಿದ್ದು. ದಾರಿ 80 ಕಿ.ಮೀ. ಮೇಲೆ ಸ್ವಲ್ಪ, ಕಾರಿನಲ್ಲಿ ಸುಮಾರು ಎರಡು ಗಂಟೆ. ಆದರೂ ಒಂದು ರಾತ್ರಿ ಉಳಿಯುವುದೇ ಲೇಸು, ಏಕೆಂದರೆ ಕಡಲು ನಿಮ್ಮ ಗಡಿಯಾರ ನೋಡುವುದಿಲ್ಲ. ದೀವ್‌ನ ಫುದಾಮ್ ಹಳ್ಳಿಯ ಗಂಗೇಶ್ವರ ಗುಡಿಯಲ್ಲಿ ಐದು ಶಿವಲಿಂಗಗಳು ದಡದ ಬಂಡೆಯ ಸಂದಿನಲ್ಲಿವೆ. ಉಬ್ಬರದಲ್ಲಿ ಅಲೆ ನುಗ್ಗಿ ಅವುಗಳಿಗೆ ಅಭಿಷೇಕ ಮಾಡುತ್ತದೆ, ನೋಡಬೇಕಾದ್ದು ಅದನ್ನೇ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಅಂತರ, ವೇಳೆಯೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅವಸರದಲ್ಲಿ ಬಂದವರು ಒಣ ಬಂಡೆ ನೋಡಿ ಹೋಗುವುದು ಅದಕ್ಕೇ. ಉಬ್ಬರದ ವೇಳೆಯನ್ನು ಹಿಂದಿನ ದಿನವೇ ಮೊಬೈಲ್‌ನಲ್ಲಿ ನೋಡಿಕೊಂಡು, ಉಳಿದದ್ದನ್ನು ಅದರ ಸುತ್ತ ಜೋಡಿಸಿಕೊಳ್ಳಿ.

ಬಿಸಿಲೇರುವ ಮುನ್ನ ಕೋಟೆ. ಗುಜರಾತಿನ ಸುಲ್ತಾನ ಬಹಾದೂರ್ ಷಾನೊಂದಿಗಿನ ಒಪ್ಪಂದದಂತೆ ಪೋರ್ಚುಗೀಸರು 1535ರಲ್ಲಿ ಕಟ್ಟತೊಡಗಿದ್ದು. 1538, 1546ರ ಎರಡೂ ಮುತ್ತಿಗೆಗಳನ್ನು ತಾಳಿಕೊಂಡಿತು. ಮೂರು ಕಡೆ ನೀರು, ನೆಲದ ಕಡೆ ಕಂದಕ. ಮೇಲೆ ನೆರಳಿಲ್ಲ, ನೀರಿನ ಬಾಟಲಿ ಒಯ್ಯಿರಿ. ನಾಯ್ಡಾ ಗುಹೆಗಳನ್ನು ನಡುಹಗಲಿಗೆ ಇಟ್ಟುಕೊಳ್ಳಿ: ಕಲ್ಲು ತೆಗೆದು ಉಳಿದ ಪೊಳ್ಳುಗಳು ಅವು, ನೆತ್ತಿಯ ಬಿಸಿಲು ಬಿರುಕಿನಿಂದ ಇಳಿದಾಗಲೇ ಚೆಂದ.

ಗೋವಾದ ಗದ್ದಲ ಇಲ್ಲಿಲ್ಲ. ಬೀದಿಯ ಮಾತು ಗುಜರಾತಿ. ಪೋರ್ಚುಗೀಸ್ ಬೆರೆತ ಕ್ರಿಯೋಲ್ ಎಂಬ ಬೆರಕೆ ನುಡಿ ಆಡುವ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಆದ್ದರಿಂದಲೇ ದೊಡ್ಡ ಇಗರ್ಜಿಗಳಲ್ಲಿ ಸೇಂಟ್ ಪಾಲ್ ಮಾತ್ರ ಪೂಜೆಗೆ ಉಳಿದು, ಸೇಂಟ್ ಥಾಮಸ್ ವಸ್ತುಸಂಗ್ರಹಾಲಯವಾಯಿತು. ದೀವ್‌ನ ನಾಗೋವಾ ಕಡಲತೀರದ ಕಡೆ ಕವಲೊಡೆದ ಹೋಕಾ ತಾಳೆ ಮರಗಳನ್ನು ಗಮನಿಸಿ, ನಮ್ಮ ಕರಾವಳಿಯಲ್ಲಿ ಇವು ಕಾಣುವುದಿಲ್ಲ.

ವಾರಾಂತ್ಯ, ದೀಪಾವಳಿ ರಜೆ ಬೇಡ. ಗುಜರಾತಿನಲ್ಲಿ ಪಾನನಿಷೇಧ, ದೀವ್‌ನಲ್ಲಿ ಇಲ್ಲ. ಆಗ ಜನ ಮುಗಿಬೀಳುತ್ತಾರೆ, ಕೋಣೆ ಬಾಡಿಗೆ ಏರುತ್ತದೆ. ಮರಳುವಾಗ ಕಾರಿನಲ್ಲಿ ಅರ್ಧ ಬಾಟಲಿ ಉಳಿದಿದ್ದರೂ ಗಡಿಯ ತಪಾಸಣೆಯಲ್ಲಿ ಅಪರಾಧವೇ. ಮಳೆಗಾಲದಲ್ಲಿ ಈಜು ಅಪಾಯ. ಅಕ್ಟೋಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ.

ಕರಾವಳಿಯವರಿಗೆ ಮಂಗಳೂರು, ಉಡುಪಿ ಮೂಲಕ ಹೋಗುವ ತಿರುವನಂತಪುರ–ವೆರಾವಲ್ ವಾರದ ರೈಲು ಸುಲಭ. ವೆರಾವಲ್‌ನಲ್ಲಿ ಇಳಿದರೆ ಸೋಮನಾಥ ಪಕ್ಕದಲ್ಲೇ.