ಬುದ್ಧಿಹಲ್ಲು ಕಿತ್ತ ನಂತರ ವಸಡು ಮಾಯುವ ಬಗೆ: ಬಣ್ಣ, ಆಕಾರ ಮತ್ತು ನೋವಿನ ದಿಕ್ಕು

ಬುದ್ಧಿಹಲ್ಲು ಕಿತ್ತ ಜಾಗವನ್ನು ಪರೀಕ್ಷಿಸುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಮೇಲಿನ ವಸಡು ಎಷ್ಟು ಮುಚ್ಚಿದೆ ಎಂಬುದು ಒಂದು. ಕೆಳಗಿನ ಕುಳಿಯಲ್ಲಿ ಮೂಳೆ ಎಷ್ಟು ತುಂಬಿದೆ ಎಂಬುದು ಇನ್ನೊಂದು. ವಸಡು ಮುಚ್ಚಿಕೊಳ್ಳಲು ವಾರಗಳು ಸಾಕು, ಮೂಳೆ ತುಂಬಲು ತಿಂಗಳುಗಳೇ ಬೇಕು. ಕನ್ನಡಿಯಲ್ಲಿ ಕಾಣುವುದು ಮೊದಲನೆಯದು ಮಾತ್ರ, ಅದೂ ಹಲವು ಬಾರಿ ದಾರಿ ತಪ್ಪಿಸುವ ರೂಪದಲ್ಲಿ.

ಹಲ್ಲು ಹೊರಬಂದ ಕೂಡಲೇ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಕಡುಗೆಂಪಾದ ಈ ಹೆಪ್ಪು ಮೂಳೆಯನ್ನು ಮುಚ್ಚಿ ಕಾಪಾಡುವುದಲ್ಲದೆ, ಮುಂದೆ ಬರುವ ಜೀವಕೋಶಗಳಿಗೂ ಹೊಸ ರಕ್ತನಾಳಗಳಿಗೂ ಆಧಾರವಾಗುತ್ತದೆ. ಮೊದಲ ದಿನ ಜೋರಾಗಿ ಬಾಯಿ ಮುಕ್ಕಳಿಸಬಾರದು, ಸ್ಟ್ರಾದಲ್ಲಿ ಹೀರಬಾರದು ಎಂದು ಹೇಳುವುದು ಈ ಕಾರಣಕ್ಕೇ. ಅಂಚಿನ ವಸಡು ಆಗ ಊದಿಕೊಂಡು ಕೆಂಪಾಗಿರುತ್ತದೆ, ಕೆಲವೊಮ್ಮೆ ನೀಲಿಗಟ್ಟಿರುತ್ತದೆ. ಕೆನ್ನೆಯ ಊತವು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ಗರಿಷ್ಠ ಮಟ್ಟ ಮುಟ್ಟಿ ನಂತರ ಇಳಿಯುತ್ತದೆ. ಚರ್ಮದ ಮೇಲೆ ರಕ್ತ ಕಂದಿದ ಗುರುತು ಕಾಣಿಸಿಕೊಂಡರೆ ಅದು ಹಸಿರು, ಹಳದಿಗೆ ತಿರುಗುತ್ತಾ ಮಾಸಿಹೋಗುತ್ತದೆ.

ಹೆಚ್ಚಿನ ಗೊಂದಲ ಹುಟ್ಟುವುದು ಇದಾದ ಮೇಲೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಂಪು ಹೆಪ್ಪಿನ ಮೇಲೆ ಬಿಳಿ, ಬೂದು ಅಥವಾ ತಿಳಿಹಳದಿ ಬಣ್ಣದ ಪದರವೊಂದು ಕಾಣುತ್ತದೆ. ರೋಗಿಗಳು ಇದನ್ನು ಕೀವೆಂದು ತಿಳಿಯುವುದು ಸಹಜ. ದಂತವೈದ್ಯಕೀಯ ಕಲಿಯುವವರೂ ಮೊದಮೊದಲು ಹಾಗೆಯೇ ಅನುಮಾನಿಸುತ್ತಾರೆ. ವಾಸ್ತವದಲ್ಲಿ ಇದು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರಿನಂಥ ಪ್ರೋಟೀನ್), ಬಿಳಿ ರಕ್ತಕಣಗಳು ಮತ್ತು ಸತ್ತ ಜೀವಕೋಶಗಳು ಸೇರಿ ಆದ ಪದರ. ಒಣ ಚರ್ಮದ ಗಾಯದ ಮೇಲೆ ಕಟ್ಟುವ ಹಕ್ಕಳೆಯು ಸದಾ ಒದ್ದೆಯಾಗಿರುವ ಬಾಯಿಯಲ್ಲಿ ಈ ಮೆತ್ತನೆಯ ರೂಪ ತಾಳುತ್ತದೆ ಎಂದುಕೊಂಡರೆ ನೆನಪಿಡುವುದು ಸುಲಭ. ಇದನ್ನು ಕೆರೆದು ತೆಗೆಯಬಾರದು. ಕೀವಾದರೆ ದ್ರವವಾಗಿರುತ್ತದೆ, ವಸಡನ್ನು ಒತ್ತಿದಾಗ ಒಸರುತ್ತದೆ, ಅದರೊಂದಿಗೆ ಕೆಟ್ಟ ರುಚಿಯೂ ಹೆಚ್ಚುತ್ತಿರುವ ಊತವೂ ಕೆಲವೊಮ್ಮೆ ಜ್ವರವೂ ಇರುತ್ತವೆ. ಆದ್ದರಿಂದ ಬಣ್ಣವೊಂದನ್ನೇ ನೋಡಿ ಸೋಂಕೆಂದು ಬರೆದುಕೊಳ್ಳುವುದು ಸರಿಯಲ್ಲ. ನೋವು ಮತ್ತು ಊತ ದಿನದಿಂದ ದಿನಕ್ಕೆ ಇಳಿಯುತ್ತಿವೆಯೋ ಏರುತ್ತಿವೆಯೋ ಎಂಬುದು ಬಣ್ಣಕ್ಕಿಂತ ಹೆಚ್ಚು ನಂಬಬಹುದಾದ ಸೂಚನೆ.

ಡ್ರೈ ಸಾಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಹೆಪ್ಪು ಕರಗಿಯೋ ಕಳಚಿಯೋ ಮೂಳೆ ಬರಿದಾದಾಗ, ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ, ಅಂದರೆ ನೋವು ಕಡಿಮೆಯಾಗಬೇಕಾದ ಹೊತ್ತಿನಲ್ಲಿಯೇ ಅದು ತೀವ್ರವಾಗಿ ಏರಿ ಕಿವಿಯವರೆಗೂ ಹರಡುತ್ತದೆ. ಕುಳಿ ಖಾಲಿಯಾಗಿ, ದುರ್ವಾಸನೆಯಿಂದ ಕೂಡಿರುತ್ತದೆ. ಆದರೆ ಕೀವು, ಜ್ವರ ಅಥವಾ ದೊಡ್ಡ ಊತ ಸಾಮಾನ್ಯವಾಗಿ ಇರುವುದಿಲ್ಲ. ಕೆಳದವಡೆಯಲ್ಲಿ, ಧೂಮಪಾನಿಗಳಲ್ಲಿ, ಗರ್ಭನಿರೋಧಕ ಮಾತ್ರೆ ಸೇವಿಸುವವರಲ್ಲಿ ಮತ್ತು ಕಷ್ಟಪಟ್ಟು ಹಲ್ಲು ತೆಗೆಯಬೇಕಾದಲ್ಲಿ ಇದು ಹೆಚ್ಚು. ಕುಳಿಯನ್ನು ಮೃದುವಾಗಿ ತೊಳೆದು ಔಷಧಿಯುಕ್ತ ಡ್ರೆಸ್ಸಿಂಗ್ ಇಟ್ಟು, ನೋವುನಿವಾರಕ ಕೊಡುವುದು ಚಿಕಿತ್ಸೆ.

ತೊಂದರೆಯಿಲ್ಲದೆ ಮಾಯುವ ಕುಳಿಯಲ್ಲಿ ಮೊದಲ ವಾರದಲ್ಲಿಯೇ ಹೆಪ್ಪಿನ ಜಾಗವನ್ನು ಗ್ರ್ಯಾನ್ಯುಲೇಷನ್ ಅಂಗಾಂಶ, ಅಂದರೆ ಗಾಯವನ್ನು ತುಂಬುವ ಎಳೆಯ ಅಂಗಾಂಶ, ಆಕ್ರಮಿಸತೊಡಗುತ್ತದೆ. ಇದು ಹರಳುಹರಳಾಗಿ, ಕೆಂಪಾಗಿ, ಮುಟ್ಟಿದರೆ ರಕ್ತ ಜಿನುಗುವಂತಿರುತ್ತದೆ. ಅದರಲ್ಲಿ ಎಳೆಯ ರಕ್ತನಾಳಗಳು ದಟ್ಟವಾಗಿರುವುದೇ ಕಾರಣ. ಸುತ್ತಲಿನ ವಸಡಿನಿಂದ ಹೊರಟ ಎಪಿಥೀಲಿಯಂ (ವಸಡಿನ ಮೇಲ್ಪದರದ ಜೀವಕೋಶಗಳು) ಈ ಅಂಗಾಂಶದ ಮೇಲೆ ಸರಿದು ಬಂದು, ಸಾಮಾನ್ಯವಾಗಿ ಮೂರರಿಂದ ಐದು ವಾರಗಳಲ್ಲಿ ಕುಳಿಯ ಬಾಯನ್ನು ಮುಚ್ಚುತ್ತದೆ. ಹೊಸ ವಸಡು ಮೊದಲಿಗೆ ತೆಳುವಾಗಿ, ಹೊಳಪಾಗಿ, ಅಕ್ಕಪಕ್ಕಕ್ಕಿಂತ ಕೆಂಪಾಗಿ ಕಾಣುತ್ತದೆ. ಮೇಲ್ಪದರ ದಪ್ಪಗಾದಂತೆ ಅದು ಆ ವ್ಯಕ್ತಿಯ ಸಹಜ ಬಣ್ಣಕ್ಕೆ ಮರಳುತ್ತದೆ. ಆ ಬಣ್ಣ ಎಲ್ಲರಲ್ಲಿಯೂ ಗುಲಾಬಿಯಾಗಿರಬೇಕೆಂದಿಲ್ಲ, ಅನೇಕರ ವಸಡಿನಲ್ಲಿ ಕಂದು ವರ್ಣಕ ಸಹಜವಾಗಿಯೇ ಇರುತ್ತದೆ.

ಹೊಲಿಗೆ ಹಾಕಿದ್ದರೆ, ರೇಷ್ಮೆ ದಾರವನ್ನು ಒಂದು ವಾರದ ಸುಮಾರಿಗೆ ತೆಗೆಯುತ್ತಾರೆ. ಕರಗುವ ದಾರ ತಾನಾಗಿಯೇ ಬೀಳುತ್ತದೆ. ದಾರ ಹೋದ ಮೇಲೆ ಅಂಚುಗಳು ತುಸು ಬಿಟ್ಟುಕೊಂಡು ಗುಳಿ ಮತ್ತೆ ಕಂಡರೆ ಅದನ್ನು ಹಿನ್ನಡೆಯೆಂದು ಭಾವಿಸಬೇಕಿಲ್ಲ. ಕೆಳದವಡೆಯ ಗುಳಿಯಲ್ಲಿ ಆಹಾರ ಸಿಲುಕುವುದು ಕೆಲವು ವಾರ ಮುಂದುವರಿಯಬಹುದು. ವೈದ್ಯರು ಸೂಚಿಸಿದ ನಂತರ ಸಿರಿಂಜಿನಿಂದ ನೀರು ಹಾಯಿಸಿ ತೊಳೆಯಬೇಕು, ಕಡ್ಡಿಯಿಂದ ಕೆದಕಬಾರದು. ಎಲ್ಲವೂ ಶಾಂತವಾಗಿದ್ದು ವಾರಗಳ ನಂತರ ಊತ ಮರಳಿದರೆ ಮಾತ್ರ ತಡವಾದ ಸೋಂಕನ್ನು ಯೋಚಿಸಬೇಕಾಗುತ್ತದೆ. ವಸಡಿನಿಂದ ಚೂಪಾದ ಬಿಳಿ ತುಣುಕು ಇಣುಕಿದರೆ ಅದು ಬಹುಪಾಲು ಮೂಳೆಯ ಚೂರು.

ಕುಳಿಯ ಗೋಡೆಗಳಲ್ಲಿ ಹೊಸ ಮೂಳೆ ಕೂರುವುದು ಎರಡನೆಯ ವಾರದ ಸುಮಾರಿಗೆ ಆರಂಭವಾದರೂ, ಎಕ್ಸ್-ರೇಯಲ್ಲಿ ಹಳೆಯ ಕುಳಿಯ ಅಂಚನ್ನು ತೋರುವ ಲ್ಯಾಮಿನಾ ಡ್ಯೂರಾ ಎಂಬ ಬಿಳಿ ಗೆರೆ ಮರೆಯಾಗಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಈ ಅವಧಿಯಲ್ಲಿ ಮೂಳೆಯ ಅಂಚು ಸ್ವಲ್ಪ ಸವೆಯುವುದರಿಂದ ಆ ಭಾಗದ ವಸಡು ಶಾಶ್ವತವಾಗಿ ತುಸು ತಗ್ಗಿನಲ್ಲಿಯೇ ಉಳಿಯುವುದು ಸಾಮಾನ್ಯ. ಗಮನಿಸಬೇಕಾದದ್ದು ಪಕ್ಕದ ಎರಡನೆಯ ದವಡೆಹಲ್ಲಿನ ಹಿಂಬದಿಯನ್ನು: ಬುದ್ಧಿಹಲ್ಲು ಅದಕ್ಕೆ ಒರಗಿ ಅಡ್ಡಲಾಗಿ ಹುದುಗಿದ್ದರೆ, ಮೇಲಿನಿಂದ ಚೆನ್ನಾಗಿ ಮಾಯ್ದಂತೆ ಕಾಣುವ ವಸಡಿನ ಕೆಳಗೆ ಆಳವಾದ ಪಾಕೆಟ್ (ಹಲ್ಲು ಮತ್ತು ವಸಡಿನ ನಡುವಿನ ಸಂದು) ಉಳಿದಿರಬಹುದು, ಅದನ್ನು ಪ್ರೋಬ್ ಎಂಬ ಅಳತೆಯ ಸಲಕರಣೆ ಇಟ್ಟು ಅಳೆದೇ ತಿಳಿಯಬೇಕು.