ಸೂರು ಸರಿಯಿದ್ದರೂ ಸೇತುವೆಯ ಮೂಲೆ ಲಡ್ಡಾಗುವುದೇಕೆ?

ಅಮೆರಿಕದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆಯ ಹಳ್ಳಿಗಳಲ್ಲಿ ಸೂರು ಹೊದಿಸಿದ ಮರದ ಸೇತುವೆಗಳಿವೆ. ಅವನ್ನು ಊರಿನವರು ಮನೆಯ ಹಿರಿಯರಂತೆ ನೋಡಿಕೊಳ್ಳುತ್ತಾರೆ. ಆ ಅಕ್ಕರೆ ದೊಡ್ಡದು. ಆದರೆ ದುರಸ್ತಿಗೆ ಹಣ ಕೂಡಿಬಂದಾಗ ಪಟ್ಟಿಯ ಮೊದಲ ಸಾಲಿನಲ್ಲಿ ಬಣ್ಣ, ಎರಡನೆಯದರಲ್ಲಿ ಚಾವಣಿ, ಆಮೇಲೆ ದೀಪ. ಸೇತುವೆಯ ತುದಿಯಲ್ಲಿ, ಹಾಸುಹಲಗೆಯ ಕೆಳಗೆ, ಗೇಣುದ್ದ ಕೆಸರು ಕೂತಿದೆಯೇ ಎಂದು ಬಗ್ಗಿ ನೋಡುವವರು ಕಡಿಮೆ. ಸೇತುವೆ ಹಾಳಾಗಲು ಶುರುವಾಗುವುದೇ ಅಲ್ಲಿಂದ.

ದಾರಿಹೋಕರು ನೆನೆಯಬಾರದೆಂದು ಹಾಕಿದ ಸೂರಲ್ಲ ಇದು. ಚಳಿಗಾಲದಲ್ಲಿ ಜಾರುಬಂಡಿ ಓಡಲೆಂದು ಊರಿನವರೇ ಕೂಲಿ ಕೊಟ್ಟು ಸೇತುವೆಯೊಳಗೆ ಹಿಮ ಹರಡಿಸುತ್ತಿದ್ದರು. ಸೂರು ಇರುವುದು ಎರಡು ಪಕ್ಕದಲ್ಲಿ ಭಾರ ಹೊರುವ ಮರದ ಚೌಕಟ್ಟುಗಳನ್ನು, ಅಂದರೆ ಟ್ರಸ್‌ಗಳನ್ನು ಒಣಗಿಡಲು. ಫಿಲಡೆಲ್ಫಿಯಾದ ಷೂಲ್ಕಿಲ್ ನದಿಯ ಮೇಲೆ 1805ರಲ್ಲಿ ಸಂಚಾರಕ್ಕೆ ತೆರೆದ ಸೇತುವೆಗೆ ಸೂರು ಹಾಕಿಸಿದ್ದು ಈ ಲೆಕ್ಕದಲ್ಲೇ. ಅದನ್ನು ಕಟ್ಟಿದ ಟಿಮೊಥಿ ಪಾಮರ್ ಅಂದಾಜಿನಲ್ಲಿ, ಬಯಲಿಗೆ ಬಿಟ್ಟ ಮರದ ಸೇತುವೆ ಹತ್ತು ಹನ್ನೆರಡು ವರ್ಷ, ಹೊದಿಸಿದ್ದು ಮೂವತ್ತು ನಲವತ್ತು ವರ್ಷ. ಪಾಮರ್ ಕಡಿಮೆಯೇ ಹೇಳಿದ್ದರು. ವರ್ಮಾಂಟ್‌ನ ವಿಂಡ್ಸರ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಶ್ ನಡುವೆ ಕನೆಕ್ಟಿಕಟ್ ನದಿಯ ಮೇಲೆ 1866ರಲ್ಲಿ ಕಟ್ಟಿದ, ಸುಮಾರು 450 ಅಡಿ ಉದ್ದದ ಸೇತುವೆಯ ಮೇಲೆ ಈಗಲೂ ಕಾರು ಓಡುತ್ತದೆ. 1980ರ ದಶಕದ ಕೊನೆಯಲ್ಲಿ ಅದಕ್ಕೆ ದೊಡ್ಡ ದುರಸ್ತಿ ಬೇಕಾಯಿತು, ನಿಜ. ಅಷ್ಟು ಹೊತ್ತಿಗೆ ಅದಕ್ಕೆ 120 ದಾಟಿತ್ತು.

ಮರಕ್ಕೆ ವಯಸ್ಸು ಶತ್ರುವಲ್ಲ, ತೇವ ಶತ್ರು. ಮರದೊಳಗಿನ ನೀರು ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಶೇ 28-30 ದಾಟಿ ಹಾಗೇ ನಿಂತರೆ ಒಳಗೆ ಕೆಲಸ ಶುರುವಾಗಿದೆಯೆಂದೇ ಹಿಡಿಯಬೇಕು. ಸೂರು, ಪಕ್ಕದ ಹಲಗೆ ಎರಡೂ ಸರಿಯಿದ್ದರೆ ಟ್ರಸ್‌ನ ನಡುಭಾಗ ಸಾಮಾನ್ಯವಾಗಿ ಒಣಗಿಯೇ ಇರುತ್ತದೆ. ತೇವ ನುಗ್ಗುವುದು ದಡದ ಕಲ್ಲುಗೋಡೆಯ ಮೇಲೆ ಸೇತುವೆ ಕೂತಿರುವ ನಾಲ್ಕು ಮೂಲೆಗಳಲ್ಲಿ. ಚಕ್ರದೊಂದಿಗೆ ಬರುವ ಜಲ್ಲಿಪುಡಿ, ಮಣ್ಣು, ಹಿಮ ಕರಗಿಸಲು ಎರಚಿದ ಉಪ್ಪು ಎಲ್ಲ ಹಲಗೆಯ ಸಂದಿಯಿಂದ ಇಳಿದು ಚೌಕಟ್ಟಿನ ಕೆಳತೊಲೆಯ ತುದಿಯ ಸುತ್ತ ಗುಡ್ಡೆಯಾಗುತ್ತವೆ. ಮೇಲೆ ಒಂದು ಹನಿ ಸೋರದಿದ್ದರೂ ಆ ಗುಡ್ಡೆ ನೆನೆದ ಗೋಣಿಚೀಲದಂತೆ ತಿಂಗಳುಗಟ್ಟಲೆ ನೀರು ಹಿಡಿದುಕೊಳ್ಳುತ್ತದೆ. ಮರ ನೀರು ಹೀರುವುದೂ ಪಕ್ಕದ ಮೈಗಿಂತ ಕೊಯ್ದ ತುದಿಯಿಂದಲೇ ಹೆಚ್ಚು. ಮಲೆನಾಡಿನ ಹಳೇ ಹಂಚಿನ ಮನೆಯಲ್ಲೂ ಇದೇ ಕಥೆ: ಜಂತಿಯ ನಡು ಗಟ್ಟಿಯಿರುತ್ತದೆ, ಮಣ್ಣುಗೋಡೆಯೊಳಗೆ ಹುದುಗಿದ ತುದಿ ಲಡ್ಡಾಗಿರುತ್ತದೆ.

ಈ ತುದಿ ಹೋದರೆ ಏಕೆ ಗಾಬರಿಯಾಗಬೇಕು? ಅಮೆರಿಕದ ವಾಸ್ತುಶಿಲ್ಪಿ ಇಥಿಯಲ್ ಟೌನ್ 1820ರಲ್ಲಿ ಪೇಟೆಂಟ್ ಪಡೆದ ಜಾಲರಿ ಟ್ರಸ್‌ನಲ್ಲಿ ಹಲಗೆಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ಹಾಯ್ದ ಪ್ರತಿ ಜಾಗದಲ್ಲೂ ಓಕ್ ಮರದ ಗೂಟ ಬಡಿದಿರುತ್ತಾರೆ. ದೊಡ್ಡ ದಿಮ್ಮಿ ಬೇಡ, ನುರಿತ ಬಡಗಿಯೂ ಬೇಡ, ಅದಕ್ಕೇ ಹಳ್ಳಿಹಳ್ಳಿಗೂ ಹಬ್ಬಿತು. ಮೇಲ್ತೊಲೆ ಒತ್ತಡ ಹೊರುತ್ತದೆ, ಕೆಳತೊಲೆ ಎಳೆತ ಹೊರುತ್ತದೆ. ಸೇತುವೆಯ ಅಷ್ಟೂ ಭಾರ ಕಡೆಗೆ ಕಲ್ಲಿಗೆ ಇಳಿಯುವುದು ಆ ನಾಲ್ಕು ತುದಿಗಳ ಮೂಲಕವೇ. ಅಲ್ಲಿ ಮರ ಮೆತ್ತಗಾದರೆ ಮೂಲೆ ಕುಸಿಯುತ್ತದೆ, ಟ್ರಸ್ ತಿರುಚಿಕೊಳ್ಳುತ್ತದೆ, ದೂರದ ಗೂಟಗಳೂ ಸಡಿಲವಾಗಬಹುದು.

ಪರೀಕ್ಷೆ ಕಷ್ಟವಲ್ಲ. ತುದಿಯ ನಾಲ್ಕೈದು ಹಾಸುಹಲಗೆ ಎಬ್ಬಿಸಿ, ಮಣ್ಣು ತೋಡಿ ತೆಗೆದು, ತೊಲೆ ಬರಿದಾಗುವವರೆಗೆ ಗುಡಿಸಿ. ದಬ್ಬಣದಿಂದ ಚುಚ್ಚಿ. ಗಟ್ಟಿ ಮರಕ್ಕೆ ಒಂದೆರಡು ಮಿಲಿಮೀಟರ್ ಇಳಿಯುವುದೂ ಕಷ್ಟ. ಅರ್ಧ ಇಂಚು ಸಲೀಸಾಗಿ ಹೋದರೆ ಎಚ್ಚರ. ಸುತ್ತಿಗೆಯಿಂದ ತಟ್ಟಿ, ಪೊಳ್ಳು ಸದ್ದು ಬಂದರೆ ಒಳಗೆ ಟೊಳ್ಳು. ತೇವಮಾಪಕದ ಗಿಡ್ಡ ಮುಳ್ಳು ಹೊರಮೈಯನ್ನಷ್ಟೇ ಓದುತ್ತದೆ, ಉದ್ದ ಮುಳ್ಳಿನದು ಬೇಕು. ಹೊರಗೆ ಶೇ 15 ತೋರಿಸಿ ಒಳಗೆ 30 ಇರುವುದು ಅಪರೂಪವಲ್ಲ.

ಇನ್ನು ಮದ್ದಿನ ಹೆಸರಿನಲ್ಲಿ ಮಾಡುವ ಕೇಡು. ಕೊಳೆತ ತುದಿಯ ಸುತ್ತ ಕಾಂಕ್ರೀಟ್ ಸುರಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ, ಗಾಳಿ ಆಡುವುದಿಲ್ಲ. ಕೊಳೆತ ಭಾಗ ಕೆರೆಯದೆ ಎಪಾಕ್ಸಿ ಅಂಟು ತುಂಬಿದರೆ ಗುಂಡಿ ಮುಚ್ಚುತ್ತದೆ, ಶಿಲೀಂಧ್ರ ಸಾಯುವುದಿಲ್ಲ. ಟ್ರಸ್‌ಗೆ ದಪ್ಪ ಬಣ್ಣ ಬಳಿದರೆ ಒಳಗೆ ಸೇರಿದ ನೀರು ಹೊರಬರಲು ದಾರಿಯಿಲ್ಲ. ಬಣ್ಣ ಬೇಕೇ ಬೇಕೆಂದರೆ ಹೊರಗಿನ ಪಕ್ಕದ ಹಲಗೆಗೆ ಹಚ್ಚಿ. ಬಿಸಿಲು ಮಳೆ ತಿಂದು ಸವೆಯುವುದೇ ಅದರ ಕೆಲಸ, ಸವೆದರೆ ಬದಲಿಸಬಹುದು.

ತುದಿ ನಿಜವಾಗಿ ಹೋಗಿದ್ದರೆ ಕೆಳಗಿನಿಂದ ಆಸರೆ ಕೊಟ್ಟು, ಭಾರ ಪೂರ್ತಿ ಇಳಿಸಿದ ಮೇಲಷ್ಟೇ ಗರಗಸ ಹಿಡಿಯಬೇಕು. ಜಾಕಿಯನ್ನು ದಿನಕ್ಕೆ ಕೆಲವೇ ಮಿಲಿಮೀಟರ್ ಏರಿಸಬೇಕು, ಅವಸರ ಮಾಡಿದರೆ ಗೂಟಗಳು ಸೀಳುತ್ತವೆ. ಹೊಸ ತುಂಡು ಅದೇ ಜಾತಿಯ ಮರದ್ದಿರಲಿ, ಅದು ಕೂಡುವ ಜಾಗ ಪಕ್ಕದ ಹಲಗೆ ಕೂಡುವ ಜಾಗದ ಎದುರಿಗೆ ಬರದಿರಲಿ. ಕಲ್ಲಿಗೂ ತೊಲೆಗೂ ನಡುವೆ ಕೂರುವ ದಿಂಬುಮರ ಮೊದಲು ಕೊಳೆಯಲೆಂದೇ ಇರುವುದು. ಅದನ್ನು ಬದಲಿಸಲು ಹಿಂಜರಿಯಬೇಡಿ. ಇದೆಲ್ಲ ಮರದ ಟ್ರಸ್ ಬಲ್ಲ ಎಂಜಿನಿಯರ್ ಲೆಕ್ಕ ಹಾಕಿದ ಮೇಲೆ ಆಗಬೇಕಾದ ಕೆಲಸ.

ಮಳೆನೀರಿನ ದಾರಿಯೂ ಮುಖ್ಯ. ರಸ್ತೆ ಸೇತುವೆಯ ಕಡೆಗೆ ಇಳಿಜಾರಿದ್ದರೆ ಬಾಯಿಗೆ ಮುಂಚೆಯೇ ಅಡ್ಡಚರಂಡಿ ತೆಗೆಯಿರಿ, ಕೊನೆಯ ಮೂವತ್ತು ನಲವತ್ತು ಅಡಿಗೆ ಡಾಂಬರು ಹಾಕಿಸಿ. ಇಷ್ಟು ಮಾಡಿದರೂ ಪ್ರವಾಹದಲ್ಲಿ ಸೇತುವೆ ಉಳಿಯುವ ಭರವಸೆ ಯಾರೂ ಕೊಡಲಾರರು. ವರ್ಮಾಂಟ್ ರಾಜ್ಯದ 1870ರ ಬಾರ್ಟನ್ಸ್‌ವಿಲ್ ಸೇತುವೆ 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ನೆರೆಯಲ್ಲಿ ಕೊಚ್ಚಿಹೋಯಿತು. ಊರಿನವರು ಅದೇ ಜಾಲರಿ ಮಾದರಿಯಲ್ಲಿ ಮತ್ತೆ ಕಟ್ಟಿ 2013ರಲ್ಲಿ ತೆರೆದರು.

ವರ್ಷಕ್ಕೆರಡು ಸಲ, ಹಿಮ ಕರಗಿದ ಮೇಲೊಮ್ಮೆ, ಎಲೆ ಉದುರಿದ ಮೇಲೊಮ್ಮೆ ಗುಡಿಸಿ. ಒಂದು ಪೊರಕೆ, ಸಲಿಕೆ, ಬಕೆಟ್ಟು, ಟಾರ್ಚು, ಇಬ್ಬರಿಗೆ ಅರ್ಧ ದಿನದ ಕೆಲಸ. ಪೈಪಿನಿಂದ ನೀರು ಹಾಯಿಸಿ ತೊಳೆಯಬೇಡಿ, ಒಣಗಿದ ಮಣ್ಣನ್ನು ಒಣಗಿದಂತೆಯೇ ಎತ್ತಿ. ಗುಡಿಸಿದ ಮೇಲೆ ನಾಲ್ಕೂ ಮೂಲೆಯ ತೇವದ ಅಂಕಿಯನ್ನು ತಾರೀಖಿನ ಸಮೇತ ತೊಲೆಯ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ, ಮುಂದಿನ ಸಲ ಮುಳ್ಳನ್ನು ಅದೇ ಜಾಗದ ಪಕ್ಕದಲ್ಲಿ ಚುಚ್ಚಿ.