ಮುಯ್ಯಿ ಲೆಕ್ಕದ ಮಾರ್ಕ್ಸು

"ಪಕ್ಕದವರ ಜೊತೆ ಸ್ಲೇಟು ಬದಲಾಯಿಸಿಕೊಳ್ಳಿ" ಎಂದು ಮೇಷ್ಟ್ರು ಹೇಳಿದ ಕೂಡಲೇ ಉಕ್ತಲೇಖನ ಮುಗಿದು ರಾಜಕೀಯ ಶುರುವಾಗುತ್ತದೆ. ಗೆಳೆಯ ಬಿಟ್ಟ ಒತ್ತಕ್ಷರವನ್ನು ಬಳಪದ ತುದಿಯಿಂದ ಸದ್ದಿಲ್ಲದೆ ಸೇರಿಸುವುದು, ನಿನ್ನೆ ಜಗಳ ಆಡಿದವನ ದೀರ್ಘ ಸ್ವಲ್ಪ ಗಿಡ್ಡಗಿದ್ದರೂ ಇಂಟು ಹಾಕುವುದು. ಇದನ್ನೆಲ್ಲ ನೋಡಿ ನಾವು "ಮಕ್ಕಳ ಕೈಗೆ ಮಾರ್ಕ್ಸ್ ಕೊಟ್ರೆ ಅಷ್ಟೇ ಕಥೆ" ಅಂದುಬಿಡುತ್ತೇವೆ.

ಸುಮ್ನೆ ಹಾಗೆ ಅಂದರೆ ಆಗದು. ನ್ಯಾನ್ಸಿ ಫಾಲ್ಚಿಕೋವ್ ಮತ್ತು ಜೂಡಿ ಗೋಲ್ಡ್‌ಫಿಂಚ್ ಎಂಬ ಸಂಶೋಧಕರು ಇಂಥ 48 ಅಧ್ಯಯನಗಳನ್ನು ಒಟ್ಟು ಹಾಕಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಕೊಟ್ಟ ಅಂಕಕ್ಕೂ ಅಧ್ಯಾಪಕರ ಅಂಕಕ್ಕೂ ಇದ್ದ ಸರಾಸರಿ ಸಹಸಂಬಂಧ 0.69. ಇದು 1 ಆದರೆ ಪೂರ್ತಿ ತಾಳೆ, 0 ಆದರೆ ತಾಳೆಯೇ ಇಲ್ಲ. ಪರವಾಗಿಲ್ಲ, ಅಲ್ವಾ? ಬೆಲೆ ಕಟ್ಟಲು ಬರುತ್ತದೆ. ಕಟ್ಟಿದ ಮೇಲೆ ಗಂಟೆ ಹೊಡೆದು ಎಲ್ಲರೂ ಆಟದ ಮೈದಾನಕ್ಕೆ ಹೋಗಬೇಕಲ್ಲ, ತಕರಾರು ಅಲ್ಲಿ.

ನಮ್ಮ ಮದುವೆ ಮನೆಯ ಮುಯ್ಯಿ ನೆನಪಿಸಿಕೊಳ್ಳಿ. ಅವರು ಎಷ್ಟು ಹಾಕಿದ್ದರೋ ಅಷ್ಟು ನಾವು ಹಾಕಬೇಕು. ಕಡಿಮೆಯಾದರೆ ಮಾತು ಬರುತ್ತದೆ. ಹತ್ತಕ್ಕೆ 9 ಕೊಟ್ಟ ಹುಡುಗಿಗೆ 6 ವಾಪಸು ಬಂದರೆ, ಅವಳ ಲೆಕ್ಕದಲ್ಲಿ 3 ಬಾಕಿ. ಮುಂದಿನ ವಾರ ವಸೂಲಿ. ಹಾಗಾಗಿ ಗುಂಪುಗಳಲ್ಲಿ ಎಲ್ಲರೂ ಎಲ್ಲರಿಗೂ 9 ಹಾಕಿ ನೆಮ್ಮದಿಯಾಗಿರುತ್ತಾರೆ. ಮುಯ್ಯಿ ಮಾಡಲು ಯಾರೂ ಇಲ್ಲದ ಒಂಟಿ ಮಗುವಿಗೆ ಮಾತ್ರ ಪ್ರಾಮಾಣಿಕ ಅಂಕ ಸಿಗುತ್ತದೆ. ಆ ಪ್ರಾಮಾಣಿಕ 7, ಇಡೀ ತರಗತಿಯಲ್ಲಿ ಕನಿಷ್ಠ! ಪಕ್ಷಪಾತದ ಬಗ್ಗೆ ಗೊಣಗುವವರು ಈ ಮಗುವನ್ನು ಗಮನಿಸುವುದೇ ಇಲ್ಲ.

ಮಕ್ಕಳ ಮೇಲೆ ಮಕ್ಕಳನ್ನೇ ಕೂರಿಸುವ ಪ್ರಯೋಗಕ್ಕೆ ಮದರಾಸಿನ ನಂಟಿದೆ. 1789ರಲ್ಲಿ ಅಲ್ಲಿನ ಅನಾಥಾಲಯದ ಶಾಲೆ ವಹಿಸಿಕೊಂಡ ಆಂಡ್ರ್ಯೂ ಬೆಲ್, ಊರಿನ ಮಕ್ಕಳು ಮರಳಲ್ಲಿ ಅಕ್ಷರ ತಿದ್ದುವುದನ್ನು ನೋಡಿ ಅದನ್ನು ತನ್ನ ಶಾಲೆಗೂ ತಂದ. ಕಲಿತ ಹುಡುಗರಿಂದಲೇ ಉಳಿದವರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಬಂತು, 'ಮದರಾಸು ಪದ್ಧತಿ' ಎಂದು ಹೆಸರಾಯಿತು. ಮಾನಿಟರ್ ಆದವನು ಗೆಳೆಯನ ಹೆಸರನ್ನು ಬೋರ್ಡಿನ ಮೇಲೆ ಬರೆಯದೆ ಬಿಡುವುದು ಆಗಲೂ ಇದ್ದಿರಬೇಕು.

ಹೆಸರು ಮುಚ್ಚಿಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ. ಐದನೇ ಕ್ಲಾಸಿನಲ್ಲಿ ಯಾರ ಕೈಬರಹ ಯಾರಿಗೆ ಗೊತ್ತಿಲ್ಲ? ಅಂಕವನ್ನೇ ಬಿಡುವುದು ಮೇಲು. ಇಸ್ರೇಲಿನಲ್ಲಿ ರೂತ್ ಬಟ್ಲರ್ ಐದು, ಆರನೇ ತರಗತಿಯ ಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ ಟಿಪ್ಪಣಿ ಪಡೆದವರ ಆಸಕ್ತಿ, ಕೆಲಸ ಎರಡೂ ಚೆನ್ನಾಗಿದ್ದವು. ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಹೋಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಗತಿ ಪತ್ರದಲ್ಲಿ ಸಹಪಾಠಿಗಳ ಮೌಲ್ಯಮಾಪನಕ್ಕೂ ಜಾಗ ಕೊಟ್ಟಿದೆ. ಅಲ್ಲಿ ಸಂಖ್ಯೆಯ ಬದಲು ಒಂದು ಸಾಲು ಇರಲಿ: "ನಕ್ಷೆ ಚೆನ್ನಾಗಿದೆ, ತುಂಗಭದ್ರೆ ಕೃಷ್ಣೆಗೆ ಸೇರುವ ಜಾಗ ತೋರಿಸಿಲ್ಲ." ಇದಕ್ಕೆ ಮುಯ್ಯಿ ತೀರಿಸಬೇಕೆಂದರೆ, ಬರೆದವನ ನಕ್ಷೆಯನ್ನೂ ಅಷ್ಟೇ ಗಮನವಿಟ್ಟು ನೋಡಬೇಕಾಗುತ್ತದೆ.